5,500ರ ಹಳೇ ಮಾನಿಟರ್, 13 ಸಾವಿರದ ಡಬ್ಬಿ

ಹೋದ ಸೀಸನ್‌ನಲ್ಲಿ ನನ್ನ ಒಂದು ಆಲ್ಬಂ ಕೂಡ ರೀಪ್ರಿಂಟ್ ಆಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕಂದ್ರೆ ಹಾಸನದಲ್ಲಿ ನನ್ನ ಹಾಗೇ ಮದುವೆ ಫೋಟೋ ತೆಗೆಯೋರೆಲ್ಲ "ಈ ಗುಜರಿ ಮಾನಿಟರ್ ಇಟ್ಕೊಂಡು ಕಲರ್ ಕರೆಕ್ಷನ್ ಮಾಡ್ತೀಯಾ?" ಅಂತ ನಕ್ಕಿದ್ದರು.

ನಾನೂ ಮೊದಲು ಎಲ್ಲರ ಹಾಗೇ ದೊಡ್ಡದನ್ನೇ ತಂದವನು. 27 ಇಂಚು, ಕರ್ವ್ಡ್, 144 ಹರ್ಟ್ಜ್ (ಅಂದ್ರೆ ಸೆಕೆಂಡಿಗೆ 144 ಸಲ ಚಿತ್ರ ಹೊಸದಾಗೋ) ಗೇಮಿಂಗ್ ಮಾನಿಟರ್. ಸುಮಾರು 19 ಸಾವಿರ ಕೊಟ್ಟಿದ್ದೆ. ಅಂಗಡಿಯಲ್ಲಿ ಜಾತ್ರೆ ಲೈಟ್ ಹಾಕಿದ ಹಾಗೆ ಮಿಂಚುತ್ತಿತ್ತು. ಮನೆಗೆ ತಂದ ಮೇಲೆ ಗೊತ್ತಾಯಿತು, ವಿಎ ಪ್ಯಾನೆಲ್, ನೋಡೋ ಕೋನ ಬದಲಾದರೆ ಛಾಯೆಯೂ ಬದಲಾಗೋ ಜಾತಿ. ಕುರ್ಚಿಯಲ್ಲಿ ಪಕ್ಕಕ್ಕೆ ವಾಲಿದರೆ ಗಂಡಿನ ಕರಿ ಕೋಟಿನ ಮಡಿಕೆ ಕಾಣುತ್ತೆ, ನೆಟ್ಟಗೆ ಕೂತರೆ ಮಾಯ. ಯಾವುದನ್ನು ನಂಬೋದು?

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದಿದ್ದು ಬ್ರೈಟ್‌ನೆಸ್‌ನಿಂದ. ಕಂಪನಿಯಿಂದ ಬಂದ ಸೆಟ್ಟಿಂಗ್‌ನಲ್ಲೇ ಬಿಟ್ಟಿದ್ದೆ. ಪರದೆ ಅಷ್ಟು ಉರಿಯುತ್ತಿದ್ದರೆ ಫೋಟೋ ಜಾಸ್ತಿ ಬೆಳ್ಳಗಿದೆ ಅನ್ನಿಸಿ ನಾವು ಇಳಿಸುತ್ತಾ ಹೋಗುತ್ತೇವೆ, ಅಲ್ವಾ? 12×36 ಇಂಚಿನ ಕರಿಜ್ಮಾ ಆಲ್ಬಂ, 40 ಶೀಟ್. ಧಾರೆ ಹೊತ್ತಿನ ಕೆನೆ ಬಣ್ಣದ ಸೀರೆ ಗೋಣಿಚೀಲದ ಬಣ್ಣಕ್ಕೆ ಬಂದಿತ್ತು. ಹುಡುಗಿಯ ತಾಯಿ ನಾಲ್ಕು ಹಾಳೆ ಮಗುಚಿ ಕೇಳಿದರು, "ಮಂಟಪದಲ್ಲಿ ಕರೆಂಟ್ ಹೋಗಿತ್ತಾ?"

ಲ್ಯಾಬ್‌ಗೆ ಫೋನ್ ಮಾಡಿ ಕೂಗಾಡಿದೆ. ಅಲ್ಲಿನ ಹುಡುಗ ತಣ್ಣಗೆ ಹೇಳಿದ, "ಸಾರ್, ನಿಮ್ಮ ಫೈಲೇ ಡಾರ್ಕ್ ಇದೆ." ಅವನು ಹೇಳಿದ್ದು ನಿಜ. ರೀಪ್ರಿಂಟ್‌ಗೆ 11–12 ಸಾವಿರ ಕೈಯಿಂದ ಹೋಯಿತು. ಅದೇ ವರ್ಷ ಇನ್ನೂ ಎರಡು ಆಲ್ಬಂ ಹೀಗೇ ಆದವು. ಲೆಕ್ಕ ಹಾಕಿದರೆ ಮಾನಿಟರ್ ದುಡ್ಡಿಗಿಂತ ರೀಪ್ರಿಂಟ್ ದುಡ್ಡೇ ಜಾಸ್ತಿ.

ಆಮೇಲೆ ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋದೆ. ಆಫೀಸುಗಳಿಂದ ಹಿಂದಕ್ಕೆ ಬಂದ ಮಾನಿಟರ್‌ಗಳನ್ನು ಗೋಡೆ ಕಟ್ಟಿದ ಹಾಗೆ ಜೋಡಿಸಿಟ್ಟಿರುತ್ತಾರಲ್ಲ, ಅಲ್ಲಿ. ಡೆಲ್ ಅಲ್ಟ್ರಾಶಾರ್ಪ್ ಯು2412ಎಂ, 24 ಇಂಚು, ಐಪಿಎಸ್ (ಪಕ್ಕದಿಂದ ನೋಡಿದರೂ ಬಣ್ಣ ಅಷ್ಟಾಗಿ ಬದಲಾಗದ ಪ್ಯಾನೆಲ್), 1920×1200. ಮಾಮೂಲಿ 1080ಕ್ಕಿಂತ ಹೆಚ್ಚಿನ ಆ 120 ಸಾಲು ವಿಡಿಯೋ ಎಡಿಟಿಂಗ್ ಟೈಮ್‌ಲೈನ್ ಇಡೋಕೆ ಎಷ್ಟು ಉಪಯೋಗ ಅಂತ ಕೆಲಸ ಮಾಡೋರಿಗೇ ಗೊತ್ತು. ಲ್ಯಾಪ್‌ಟಾಪ್ ಜೊತೆಗೇ ಒಯ್ದಿದ್ದೆ. ಬರೀ ಬೂದು ಬಣ್ಣದ ಚಿತ್ರ ಪೂರ್ತಿ ಪರದೆಗೆ ಹಾಕಿ ನೋಡಿದೆ. ಹಳೇ ಪ್ಯಾನೆಲ್‌ನ ಬಂಡವಾಳ ಬೂದು ಬಣ್ಣದಲ್ಲೇ ಬಯಲಾಗೋದು. ಮೊದಲನೆಯದರಲ್ಲಿ ಅರ್ಧ ಪರದೆ ಗುಲಾಬಿ, ಎರಡನೆಯದರ ಅಂಚೆಲ್ಲ ಹಳದಿ. ಏಳನೆಯದು ಪಾಸಾಯಿತು. ಏಳು ಸಾವಿರ ಅಂದವನು 5,500ಕ್ಕೆ ಇಳಿದ. ಊರಿಗೆ ಬಂದ ಮೇಲೆ ನೋಡಿದರೆ ಇದಕ್ಕೆ ಎಚ್‌ಡಿಎಂಐ ಕಿಂಡಿಯೇ ಇಲ್ಲ. ಡಿಸ್‌ಪ್ಲೇಪೋರ್ಟ್ ಕೇಬಲ್‌ಗೆ ಮತ್ತೆ 400 ಚಿಲ್ಲರೆ.

ಉಳಿದ ದುಡ್ಡಿಗೆ ಕಲರಿಮೀಟರ್ ತಗೊಂಡೆ, ಹೆಚ್ಚೂಕಮ್ಮಿ 13 ಸಾವಿರ. ಎಲ್ಲರೂ ಇನ್ನೂ ಜೋರಾಗಿ ನಕ್ಕಿದ್ದು ಇದಕ್ಕೇ. ಮಾನಿಟರ್‌ಗಿಂತ ಅದನ್ನು ಅಳೆಯೋ ಡಬ್ಬಿಗೆ ಎರಡು ಪಟ್ಟು! ಸಾಫ್ಟ್‌ವೇರ್ ಡಿಸ್‌ಪ್ಲೇಕ್ಯಾಲ್, ಪುಕ್ಕಟೆ. ಮಾನಿಟರನ್ನು ಅರ್ಧ ಗಂಟೆ ಕಾಯಿಸಿ, ಬಿಳಿ ಬಣ್ಣಕ್ಕೆ 6500 ಕೆ, ನಡು ಛಾಯೆಗಳಿಗೆ ಗಾಮಾ 2.2, ಬ್ರೈಟ್‌ನೆಸ್ ಚದರ ಮೀಟರ್‌ಗೆ 100 ಕ್ಯಾಂಡೆಲಾ ಇಟ್ಟೆ. ಮಾನಿಟರ್ ಮೆನುವಿನಲ್ಲಿ 75 ಇದ್ದದ್ದು ಇಪ್ಪತ್ತರ ಆಸುಪಾಸಿಗೆ ಬಂತು. ಮೊದಲ ಮೂರು ದಿನ ಪರದೆ ಮಂಕು ಬಡಿದ ಹಾಗೆ ಕಾಣುತ್ತೆ. ಮುಟ್ಟಬೇಡಿ, ಕಣ್ಣು ಹೊಂದಿಕೊಳ್ಳುತ್ತೆ.

ನಡುವೆ ಒಂದು ಹುಚ್ಚು ಸಾಹಸವೂ ಆಯಿತು. ಸುತ್ತಲ ಬಣ್ಣ ಕಣ್ಣಿಗೆ ಮೋಸ ಮಾಡದಿರಲಿ ಅಂತ, ಮಾನಿಟರ್ ಹಿಂದಿನ ಗೋಡೆಗೆ ಬೂದು ಬಣ್ಣ ಹೊಡೆಸಬೇಕು ಅಂತ ಪೇಂಟರ್‌ಗೆ ಹೇಳಿದೆ. ಅವನು ಬಿಳಿ ಡಿಸ್ಟೆಂಪರ್‌ಗೆ ಕಪ್ಪು ಸ್ಟೇನರ್ ಹಾಕಿ ಕಲಸಿದ. ಒಣಗಿದ ಮೇಲೆ ನೀಲಿ ಹೊಡೆಯಿತು. ನೀಲಿ ಗೋಡೆ ಮುಂದೆ ಕೂತರೆ ಪರದೆ ಹಳದಿಯಾಗಿ ಕಾಣುತ್ತೆ. ಅದನ್ನು ಸರಿ ಮಾಡಲು ಹೋಗಿ ಒಂದು ವಾರ ಎಲ್ಲ ಮದುಮಕ್ಕಳಿಗೂ ಶೀತ ಹಿಡಿದ ಮುಖ. ಎರಡನೇ ಸಲ ಬಣ್ಣ ಹೊಡೆಸಿದೆ. ನಮ್ಮಮ್ಮ ಬಂದು ನೋಡಿ, "ಏನೋ ಇದು, ಸೂತಕದ ಮನೆ ಇದ್ದಂಗಿದೆ" ಅಂದರು.

ಈಗ ಪ್ರತಿ ಆರ್ಡರ್ ಜೊತೆ ಲ್ಯಾಬ್‌ಗೆ ಒಂದು ಸಣ್ಣ ಟೆಸ್ಟ್ ಪಟ್ಟಿ ಕಳಿಸುತ್ತೇನೆ. ಅದರಲ್ಲಿ ಅರಿಶಿನ ಶಾಸ್ತ್ರದ ಒಂದು ಮುಖ ಇದೆ, ಜರಿ ಅಂಚು ಇದೆ. ಉಳಿದ ಮೂರು ತುಂಡು ಏನು ಅಂತ ಹೇಳಲ್ಲ, ಕ್ಷಮಿಸಿ. ಅದೇ ನನ್ನ ಅನ್ನ.

ಗೇಮಿಂಗ್ ಮಾನಿಟರ್ ಮಾರಲಿಲ್ಲ. ಲಗ್ನಪತ್ರಿಕೆಗೆ ಕಾರ್ಟೂನ್ ಗಂಡು-ಹೆಣ್ಣಿನ ಅನಿಮೇಷನ್ ವಿಡಿಯೋ ಕೇಳುತ್ತಾರಲ್ಲ, ಅದಕ್ಕೆ ಅದೇ ಸರಿ. ಸೆಕೆಂಡಿಗೆ 24 ಫ್ರೇಮ್‌ನಲ್ಲಿ ಮಾಡಿದ ದಿಬ್ಬಣ ಡೆಲ್‌ನಲ್ಲಿ ಕುಂಟುತ್ತಿತ್ತು. ಎರಡು ರಾತ್ರಿ ಕೀಫ್ರೇಮ್ (ಚಲನೆ ನಿರ್ಧರಿಸೋ ಮುಖ್ಯ ಫ್ರೇಮ್‌ಗಳು) ತಿದ್ದಿದೆ. ತಪ್ಪು ಕೀಫ್ರೇಮ್‌ದಲ್ಲ. ಡೆಲ್‌ನ 60 ಹರ್ಟ್ಜ್‌ನಲ್ಲಿ ಒಂದು ಫ್ರೇಮ್ ಎರಡು ಸಲ, ಮುಂದಿನದು ಮೂರು ಸಲ ಬರುತ್ತೆ. 144ರಲ್ಲಿ ಪ್ರತಿ ಫ್ರೇಮ್ ಸರಿಯಾಗಿ ಆರು ಸಲ. ಆದರೆ ನೋಡೋರ ಫೋನುಗಳಲ್ಲಿ ಎಷ್ಟೋ 60ರವೇ ಅಲ್ವಾ, ಈಗ 30 ಫ್ರೇಮ್‌ನಲ್ಲೇ ಮಾಡಿ ಕೊಡುತ್ತೇನೆ.

ಡೆಲ್‌ನ ಎಡ ಕೆಳಮೂಲೆ ಈಚೆಗೆ ಸ್ವಲ್ಪ ಹಳದಿಗೆ ತಿರುಗಿದೆ. ಆ ಕಡೆ ಮುಖ ಬರದ ಹಾಗೆ ಝೂಮ್ ಮಾಡಿಕೊಂಡು ಆಷಾಢದವರೆಗೆ ತಳ್ಳುತ್ತೇನೆ. ಆಮೇಲೆ ಮತ್ತೆ ಎಸ್.ಪಿ. ರೋಡ್. ಈ ಸಲ ಡಬ್ಬಿಯನ್ನೂ ಜೇಬಲ್ಲಿಟ್ಟುಕೊಂಡು.