ಕಿಂಗ್ ಕೌಂಟಿಯಲ್ಲಿ ಮನೆ ಹುಡುಕುವವರಿಗೆ: ಮೊದಲು ನಕ್ಷೆ, ಆಮೇಲೆ ಮನೆ

ಸಿಯಾಟಲ್ ಹತ್ತಿರದ ಸಮಾಮಿಶ್‌ನಲ್ಲಿ ನಾವು ಮನೆ ತೆಗೆದುಕೊಂಡಾಗ ಜಾಹೀರಾತಿನಲ್ಲಿ ಜಾಗ 12,000 ಚದರ ಅಡಿ ಎಂದಿತ್ತು. ಮೂವತ್ತು ನಲವತ್ತರ ಸೈಟಿನ ಲೆಕ್ಕದಲ್ಲಿ ಹತ್ತು ಸೈಟು. ಊರಿನ ಲೆಕ್ಕದಲ್ಲಿ ಹನ್ನೊಂದು ಗುಂಟೆ. ಮುಂದಿನ ಬೇಸಿಗೆಗೆ ಹಾಸನದಿಂದ ಮಾವ ಬಂದರು. ಬಂದ ಮೂರನೇ ದಿನವೇ ಹಿತ್ತಲಿನ ತುದಿಯಲ್ಲಿ ಹರಿವೆ, ಮೆಂತ್ಯ, ಸೋರೆಗೆ ಪಾತಿ ಮಾಡಲು ಗುದ್ದಲಿ ಹಿಡಿದರು. ಪಕ್ಕದ ಮನೆಯವರು ನೋಡಿ ಓಡಿ ಬಂದರು. ಹುಲ್ಲಿನಲ್ಲಿ ಮುಚ್ಚಿಹೋಗಿದ್ದ ಒಂದು ಸಣ್ಣ ಫಲಕ ತೋರಿಸಿದರು. ಅದರ ಆಚೆ ಅಗೆಯುವ ಹಾಗಿಲ್ಲ, ಗಿಡ ಕಡಿಯುವ ಹಾಗಿಲ್ಲ. ಜಾಗ ನಮ್ಮದೇ, ತೆರಿಗೆ ಕಟ್ಟುವವರೂ ನಾವೇ. ಆದರೆ ಹಿಂದೆ ಹರಿಯುವ ತೊರೆಯ ಸಲುವಾಗಿ ಆ ಭಾಗ ಕಾಡಾಗಿಯೇ ಇರಬೇಕು.

ಅವತ್ತು ರಾತ್ರಿ ಕೂತು ಕೌಂಟಿಯ, ಅಂದರೆ ಇಲ್ಲಿನ ಜಿಲ್ಲೆಯ, ನಕ್ಷೆ ತೆರೆದೆ. ಹೆಚ್ಚುಕಡಿಮೆ 5,000 ಚದರ ಅಡಿ ಆ ಗೆರೆಯ ಆಚೆಗಿತ್ತು. ಮಾವ ನಕ್ಷೆ ನೋಡಿ, 'ಅಂದ್ರೆ ಇದು ಖರಾಬು' ಎಂದರು. ಅಷ್ಟು ಸರಿಯಾದ ಮಾತನ್ನು ನಾನು ಇಲ್ಲಿ ಯಾರ ಬಾಯಲ್ಲೂ ಕೇಳಿಲ್ಲ. ಪಹಣಿಯಲ್ಲಿ ಒಟ್ಟು ವಿಸ್ತೀರ್ಣ ಬೇರೆ, ಖರಾಬು ಕಳೆದು ಉಳಿಯುವುದು ಬೇರೆ ಅಲ್ವಾ? ಊರಿನಲ್ಲಿ ಜಮೀನು ನೋಡಲು ಹೋದವರು ಅದನ್ನೇ ಮೊದಲು ಕೇಳುತ್ತಾರೆ. ಇಲ್ಲಿ ಮಾತ್ರ ನಾವು ಅಡುಗೆಮನೆಯ ಫೋಟೊ ನೋಡಿ ಸಹಿ ಹಾಕಿಬಿಡುತ್ತೇವೆ.

ಸಿಯಾಟಲ್ ಸುತ್ತ ಹೊಸದಾಗಿ ಬಂದು ನೆಲೆಸುತ್ತಿರುವ ನಮ್ಮವರಿಗೆ ಇದನ್ನು ಬರೆಯುತ್ತಿದ್ದೇನೆ. ಬೆಲ್‌ವ್ಯೂ, ರೆಡ್ಮಂಡ್, ಕರ್ಕ್‌ಲ್ಯಾಂಡ್, ಸಮಾಮಿಶ್, ಇಸಾಕ್ವಾ ಎಲ್ಲವೂ ಕಿಂಗ್ ಕೌಂಟಿಗೆ ಸೇರುತ್ತವೆ. ಕೌಂಟಿಯ ವೆಬ್‌ಸೈಟಿನಲ್ಲಿ ಪಾರ್ಸೆಲ್ ವ್ಯೂವರ್ ಎಂಬ ಸರಳ ನಕ್ಷೆ ಇದೆ. ಪಾರ್ಸೆಲ್ ಎಂದರೆ ದಾಖಲೆಯಲ್ಲಿರುವ ಒಂದು ತುಂಡು ಜಾಗ. ಐಮ್ಯಾಪ್ ಎಂಬ ದೊಡ್ಡ ನಕ್ಷೆಯೂ ಇದೆ. ಎರಡೂ ಉಚಿತ, ಲಾಗಿನ್ ಬೇಕಿಲ್ಲ. ಊರಿನಲ್ಲಿ ದಿಶಾಂಕ್ ಆ್ಯಪ್ ತೆರೆದು ನಿಂತ ಜಾಗದ ಸರ್ವೆ ನಂಬರ್ ನೋಡಿದವರಿಗೆ ಇದು ಹೊಸದೇನೂ ಅನಿಸುವುದಿಲ್ಲ. ಬೇರೆಯವರ ಮನೆಯ ದಾಖಲೆ ನೋಡಲು ಕೆಲವರು ಸಂಕೋಚಪಡುತ್ತಾರೆ. ಸಂಕೋಚ ಬೇಡ. ಇವು ಸಾರ್ವಜನಿಕ ದಾಖಲೆಗಳು, ನಿಮ್ಮಂಥ ಕೊಳ್ಳುವವರು ನೋಡಲಿ ಎಂದೇ ಇಟ್ಟಿದ್ದಾರೆ.

ವಿಳಾಸ ಹಾಕುವಾಗಲೇ ಮೊದಲ ಎಡವಟ್ಟು ಆಗುತ್ತದೆ. ಇಲ್ಲಿ ದಿಕ್ಕು ವಿಳಾಸದ ಒಂದು ಭಾಗ. ಬೆಲ್‌ವ್ಯೂನಲ್ಲಿ 156ನೇ ಅವೆನ್ಯೂ ಎನ್‌ಇ ಇದೆ, ಎಸ್‌ಇ ಕೂಡ ಇದೆ. ಮೇನ್ ಸ್ಟ್ರೀಟ್ ದಾಟಿದರೆ ದಿಕ್ಕು ಬದಲಾಗುತ್ತದೆ. ಒಂದು ಅಕ್ಷರ ತಪ್ಪಿದರೆ ಬೇರೆ ಯಾರದ್ದೋ ಮನೆ ನೋಡುತ್ತಾ ಕೂರುತ್ತೀರಿ. ವಿಳಾಸಕ್ಕಿಂತ ಪಾರ್ಸೆಲ್ ನಂಬರ್ ಹಿಡಿದು ಹುಡುಕುವುದು ಒಳ್ಳೆಯದು. ಮನೆಯ ಜಾಹೀರಾತಿನಲ್ಲಿ ಅದು ಸಾಮಾನ್ಯವಾಗಿ ಇರುತ್ತದೆ, ಇಲ್ಲದಿದ್ದರೆ ಏಜೆಂಟ್ ಕೊಡುತ್ತಾರೆ.

ಇನ್ನೊಂದು ವಿಷಯ. ಅಂಚೆ ವಿಳಾಸದಲ್ಲಿರುವ ಊರು ಮತ್ತು ಮನೆ ನಿಜವಾಗಿ ಸೇರಿರುವ ಊರು ಒಂದೇ ಆಗಿರಬೇಕಿಲ್ಲ. ಕ್ಲಹಾನಿ ಬಡಾವಣೆ 2016ರ ಜನವರಿ 1ರಿಂದ ಸಮಾಮಿಶ್ ನಗರಕ್ಕೆ ಸೇರಿದೆ. ಆದರೆ ಅಂಚೆ ವಿಳಾಸ ಇಸಾಕ್ವಾ, ಶಾಲೆಯೂ ಇಸಾಕ್ವಾ ಡಿಸ್ಟ್ರಿಕ್ಟಿನದು. ರೆಡ್ಮಂಡ್ ರಿಡ್ಜ್‌ಗೆ ರೆಡ್ಮಂಡ್ ವಿಳಾಸವಿದ್ದರೂ ಅದು ರೆಡ್ಮಂಡ್ ನಗರದ ಗಡಿಯೊಳಗಿಲ್ಲ, ನೇರ ಕೌಂಟಿಯ ಆಡಳಿತದಲ್ಲಿದೆ. ಡೆಕ್ ಕಟ್ಟಲು ಪರ್ಮಿಟ್ ಯಾರಲ್ಲಿ ಕೇಳಬೇಕು ಎನ್ನುವುದು ಇದರ ಮೇಲೆಯೇ ನಿಂತಿದೆ. ದಾಖಲೆಯಲ್ಲಿ ಜೂರಿಸ್‌ಡಿಕ್ಷನ್ ಎಂಬ ಸಾಲು ನೋಡಿ, ಗೊತ್ತಾಗುತ್ತದೆ. ಬಾತೆಲ್ ಅಂತೂ ಎರಡು ಕೌಂಟಿಗಳಲ್ಲಿ ಹರಡಿಕೊಂಡ ಊರು. ಅಲ್ಲಿನ ಮನೆ ಈ ನಕ್ಷೆಯಲ್ಲಿ ಸಿಗದಿದ್ದರೆ ಗಾಬರಿ ಬೇಡ. ಅದು ಸ್ನೊಹೊಮಿಶ್ ಕೌಂಟಿಯ ಭಾಗ ಇರಬಹುದು, ಅದರ ನಕ್ಷೆ ಬೇರೆಯೇ ಇದೆ.

ಕಿಂಗ್ ಕೌಂಟಿಯ ಪಾರ್ಸೆಲ್ ನಂಬರ್ ಹತ್ತು ಅಂಕಿಯದು. ಮೊದಲ ಆರು ಅಂಕಿ ಬಡಾವಣೆಯದು, ಕೊನೆಯ ನಾಲ್ಕು ಆ ಸೈಟಿನದು. ನಮ್ಮ ಸರ್ವೆ ನಂಬರ್ ಮತ್ತು ಹಿಸ್ಸಾ ಇದ್ದ ಹಾಗೆ ಅಂದುಕೊಳ್ಳಿ. ಬಡಾವಣೆ ಆಗದ ಬಿಡಿ ಜಮೀನಾದರೆ ಮೊದಲ ಆರು ಅಂಕಿಯಲ್ಲಿ ಹಳೆಯ ಸರ್ವೆಯೇ ಅಡಗಿರುತ್ತದೆ: ಎರಡು ಅಂಕಿ ಸೆಕ್ಷನ್, ಎರಡು ಟೌನ್‌ಶಿಪ್ (ಉತ್ತರ-ದಕ್ಷಿಣದ ಲೆಕ್ಕ), ಎರಡು ರೇಂಜ್ (ಪೂರ್ವ-ಪಶ್ಚಿಮದ ಲೆಕ್ಕ). ಒಂದು ಸೆಕ್ಷನ್ ಎಂದರೆ ಒಂದು ಚದರ ಮೈಲಿ, 640 ಎಕರೆ. 1851ರಲ್ಲಿ ಪೋರ್ಟ್‌ಲ್ಯಾಂಡ್ ಹತ್ತಿರ ಒಂದು ಗೂಟ ನೆಟ್ಟು ಶುರು ಮಾಡಿದ ಅಳತೆ ಇವತ್ತಿಗೂ ಇಂಥ ಜಮೀನಿನ ನಂಬರಿನಲ್ಲಿದೆ. ನನಗೆ ಇದು ಬಹಳ ಇಷ್ಟವಾದ ಸಂಗತಿ.

ನಕ್ಷೆಯಲ್ಲಿ ಪಾರ್ಸೆಲ್ ಮೇಲೆ ಒತ್ತಿದರೆ ಅಸೆಸರ್, ಅಂದರೆ ತೆರಿಗೆಗಾಗಿ ಆಸ್ತಿಗೆ ಬೆಲೆ ಕಟ್ಟುವವರ, ಕಚೇರಿಯ ವರದಿಗೆ ದಾರಿ ಸಿಗುತ್ತದೆ. ಕಟ್ಟಿದ ವರ್ಷ, ಮಹಡಿವಾರು ಚದರ ಅಡಿ, ಬೇಸ್‌ಮೆಂಟ್, ಮನೆಯ ಫೋಟೊ, ಹಿಂದಿನ ಮಾರಾಟಗಳು ಎಲ್ಲ ಅಲ್ಲಿರುತ್ತವೆ. ಇದನ್ನು ಜಾಹೀರಾತಿನ ಪಕ್ಕದಲ್ಲಿ ಇಟ್ಟುಕೊಂಡು ಸಾಲು ಸಾಲಾಗಿ ತಾಳೆ ನೋಡಿ. ಜಾಹೀರಾತಿನಲ್ಲಿ 'ಚಂದದ ಬೇಸ್‌ಮೆಂಟ್, ಎರಡು ಬೆಡ್‌ರೂಮ್' ಎಂದಿದ್ದು, ವರದಿಯಲ್ಲಿ ಮುಗಿಸಿದ ಬೇಸ್‌ಮೆಂಟ್ ಸೊನ್ನೆ ಎಂದಿದ್ದರೆ ಪ್ರಶ್ನೆ ಕೇಳಲೇಬೇಕು. ಪರ್ಮಿಟ್ ಇಲ್ಲದೆ ಕಟ್ಟಿರಬಹುದು. ಅಥವಾ ಕೌಂಟಿಯ ದಾಖಲೆಯೇ ಹಳೆಯದಿರಬಹುದು, ಏಕೆಂದರೆ ಅಸೆಸರ್ ಕಚೇರಿಯವರು ಪ್ರತಿ ಮನೆಯನ್ನು ಖುದ್ದು ನೋಡಬೇಕಾದ್ದು ಆರು ವರ್ಷಕ್ಕೊಮ್ಮೆ. ಯಾವುದು ನಿಜ ಎಂದು ಆಯಾ ಊರಿನ ಪರ್ಮಿಟ್ ದಾಖಲೆ ಹೇಳುತ್ತದೆ.

ಮಾರಾಟದ ಪಟ್ಟಿಯಲ್ಲಿ ಸೊನ್ನೆ ಡಾಲರ್ ಕಂಡರೆ ಬೆಚ್ಚಬೇಡಿ. ಪಕ್ಕದಲ್ಲಿ ಕ್ವಿಟ್ ಕ್ಲೇಮ್ ಡೀಡ್ ಎಂದಿದ್ದರೆ ಸಾಮಾನ್ಯವಾಗಿ ಅದು ಮನೆಯವರೊಳಗಿನ ವರ್ಗಾವಣೆ. ನಿಜವಾದ ಮಾರಾಟಕ್ಕೆ ಹೆಚ್ಚಾಗಿ ವಾರಂಟಿ ಡೀಡ್ ಇರುತ್ತದೆ. ಕಟ್ಟಡದ ಗುಣಮಟ್ಟಕ್ಕೆ ಹಾಕುವ ಗ್ರೇಡ್ ಎಂಬುದು 1ರಿಂದ 13ರವರೆಗೆ ಇರುತ್ತದೆ. 7 ಎಂದರೆ ಸಾಧಾರಣ ಕಟ್ಟಡ, ಅದರಲ್ಲಿ ಕೀಳೇನೂ ಇಲ್ಲ. ಬೆಲ್‌ವ್ಯೂನ ಹಳೆಯ ಮನೆಗಳಲ್ಲಿ ಕೆಲವೊಮ್ಮೆ ಜಾಗಕ್ಕೆ ದೊಡ್ಡ ಬೆಲೆ ಹಾಕಿ, ಕಟ್ಟಡಕ್ಕೆ ಬರೀ 1,000 ಡಾಲರ್ ಹಾಕಿರುತ್ತಾರೆ. ಈ ಮನೆಯನ್ನು ಕೆಡವುವವರೇ ಕೊಳ್ಳುತ್ತಾರೆ ಎಂದು ಅಸೆಸರ್ ಭಾವಿಸಿದ್ದಾರೆ ಎಂದರ್ಥ. ಪ್ರೆಸೆಂಟ್ ಯೂಸ್ ಎಂಬ ಸಾಲನ್ನು ಟೌನ್‌ಹೌಸ್ ಕೊಳ್ಳುವವರು ಬಿಡಲೇಬಾರದು. ನೋಡಲು ಟೌನ್‌ಹೌಸ್ ಆದರೂ ಕಾಗದದಲ್ಲಿ ಕಾಂಡೊಮಿನಿಯಂ ಆಗಿರಬಹುದು. ಆಗ ಕಾಲಡಿಯ ನೆಲ ನಿಮ್ಮೊಬ್ಬರದಲ್ಲ.

ಈಗ ಖರಾಬಿನ ವಿಷಯಕ್ಕೆ ಬರುತ್ತೇನೆ. ಜನ ಜಾಸ್ತಿ ಮೋಸಹೋಗುವುದು ಇಲ್ಲೇ.

ಐಮ್ಯಾಪ್‌ನಲ್ಲಿ ಲೇಯರ್‌ಗಳ ಪಟ್ಟಿ ಇದೆ. ಜೌಗು ನೆಲ, ತೊರೆ, ಪ್ರವಾಹದ ಬಯಲು, ಭೂಕುಸಿತದ ಅಪಾಯ, ಸವಕಳಿ ಎಂಬಂಥವನ್ನು ಒಂದೊಂದಾಗಿ ಹಾಕಿ ನೋಡಿ. ನಮ್ಮ ಸಮಾಮಿಶ್, ಇಸಾಕ್ವಾ ಕಡೆ ಇಳಿಜಾರು ಜಾಸ್ತಿ, ತೊರೆಗಳೂ ಜಾಸ್ತಿ. ಬಣ್ಣದ ತೇಪೆ ನಿಮ್ಮ ಪಾರ್ಸೆಲ್ ಮುಟ್ಟದಿದ್ದರೂ ಹತ್ತಿರವಿದ್ದರೆ ಸಾಕು, ತೊರೆಯ ಅಂಚಿನಿಂದ ಇಷ್ಟು ಅಡಿ ಬಿಡಬೇಕು ಎಂಬ ನಿಯಮ ನಿಮ್ಮ ಹಿತ್ತಲಿನೊಳಗೆ ಬರುತ್ತದೆ. ಆದರೆ ಈ ಲೇಯರ್ ಒಂದು ಸುಳಿವು ಮಾತ್ರ. ನಮ್ಮ ಹಿತ್ತಲಿನ ಗೆರೆ ಇದ್ದದ್ದು ಬಡಾವಣೆಯ ಮೂಲ ನಕ್ಷೆಯಲ್ಲಿ. ಅದಕ್ಕೆ ಪ್ಲ್ಯಾಟ್ ಎನ್ನುತ್ತಾರೆ. ನೇಟಿವ್ ಗ್ರೋತ್ ಪ್ರೊಟೆಕ್ಷನ್ ಈಸ್‌ಮೆಂಟ್ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಕೊಳ್ಳುವಾಗ ಕಾಗದಗಳ ಕಟ್ಟಿನಲ್ಲಿ ಅದು ನಮ್ಮ ಕೈಗೂ ಬಂದಿತ್ತು. ನಾವು ತೆರೆದಿರಲಿಲ್ಲ.

ಪ್ಲ್ಯಾಟ್ ಸಿಗುವುದು ಕೌಂಟಿಯ ರೆಕಾರ್ಡರ್ ಕಚೇರಿಯಲ್ಲಿ. ಅದು ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿ ಇದ್ದ ಹಾಗೆ. ಅದನ್ನೂ ಮನೆಯಿಂದಲೇ ಹುಡುಕಬಹುದು. ಈಚಿನ ದಾಖಲೆಗಳ ನಂಬರ್ 14 ಅಂಕಿಯದು, ಮೊದಲ ಎಂಟು ಅಂಕಿ ನೋಂದಣಿಯಾದ ದಿನಾಂಕ. ಯಾವ ನಂಬರ್ ಹುಡುಕಬೇಕು ಎಂದು ಟೈಟಲ್ ರಿಪೋರ್ಟ್ ಹೇಳುತ್ತದೆ. ಅದನ್ನು ಇಲ್ಲಿನ ಇ.ಸಿ. ಎಂದೇ ತಿಳಿಯಿರಿ. ಏಜೆಂಟ್ ಹತ್ತಿರ ಬೇಗನೆ ಕೇಳಿ ಪಡೆಯಿರಿ. ಅದರಲ್ಲಿ ಎಕ್ಸೆಪ್ಷನ್ ಎಂಬ ಭಾಗದಲ್ಲಿ ಜಾಗದ ಮೇಲಿರುವ ಹಕ್ಕುಗಳ ಪಟ್ಟಿ ಇರುತ್ತದೆ. ಚರಂಡಿ ಪೈಪು ಹಾದುಹೋಗುವ ಹಕ್ಕು, ಹಿಂದಿನ ಮನೆಯವರ ದಾರಿ, ಬಡಾವಣೆಯ ನಿಯಮಗಳು ಎಲ್ಲ ಅಲ್ಲಿರುತ್ತವೆ. ಒಂದೊಂದನ್ನೂ ತೆರೆದು ಓದಿ. ಒಂದು ಸಂಜೆ ಪೂರ್ತಿ ಹಿಡಿಯುತ್ತದೆ, ಹಿಡಿಯಲಿ. ಮೂವತ್ತು ವರ್ಷದ ಸಾಲ ತೆಗೆದುಕೊಳ್ಳುತ್ತಿದ್ದೀರಿ.

ಹಾಗೆಯೇ ಅಕ್ಕಪಕ್ಕದ ಪಾರ್ಸೆಲ್‌ಗಳ ಮೇಲೂ ಒತ್ತಿ. ಕಿಟಕಿಯಿಂದ ಕಾಣುವ ಚಂದದ ಕಾಡು ಪಾರ್ಕಿನದೋ ಖಾಸಗಿಯದೋ ನೋಡಿ. ಖಾಸಗಿಯದಾದರೆ ಅಲ್ಲಿ ಎಷ್ಟು ಮನೆ ಏಳಬಹುದು ಎಂದು ಜೋನಿಂಗ್ ಎಂಬ ಸಾಲು ಹೇಳುತ್ತದೆ. ಅದರಲ್ಲಿ ಆರ್-4 ಎಂದರೆ ಎಕರೆಗೆ ನಾಲ್ಕು ಮನೆ. 2023ರ ರಾಜ್ಯ ಕಾನೂನಿನ ನಂತರ ಈ ಲೆಕ್ಕವೂ ಬದಲಾಗಿದೆ. 75,000ಕ್ಕಿಂತ ಹೆಚ್ಚು ಜನರಿರುವ ಊರುಗಳಲ್ಲಿ ವಾಸದ ಸೈಟಿನಲ್ಲಿ ಕನಿಷ್ಠ ನಾಲ್ಕು ಮನೆ, 25,000ಕ್ಕಿಂತ ದೊಡ್ಡ ಊರುಗಳಲ್ಲಿ ಕನಿಷ್ಠ ಎರಡು ಮನೆಗೆ ಅವಕಾಶ ಕೊಡಬೇಕು.

ನಕ್ಷೆಯ ಗೆರೆ ನಿಮ್ಮ ಗಡಿಯಲ್ಲ. ಇದನ್ನು ದಯವಿಟ್ಟು ನೆನಪಿಡಿ. ವೈಮಾನಿಕ ಚಿತ್ರದ ಮೇಲೆ ಗೆರೆ ಎಳೆದಾಗ ಅದು ಕೆಲವು ಅಡಿ ಆಚೀಚೆ ಸರಿದಿರಬಹುದು. ಗೆರೆ ಪಕ್ಕದವರ ಚಾವಣಿಯ ಮೇಲೆ ಹಾದುಹೋಗಿರುವುದನ್ನೂ ಕಾಣುತ್ತೀರಿ. ಅದನ್ನು ಪ್ರಿಂಟ್ ಮಾಡಿಕೊಂಡು ಪಕ್ಕದವರ ಬಾಗಿಲಿಗೆ ಹೋಗಬೇಡಿ. ಇದು ಸರ್ವೆ ಅಲ್ಲ ಎಂದು ಕೌಂಟಿಯೇ ಹೇಳುತ್ತದೆ. ಬೇಲಿ ಹಾಕಿಸುವ ಮೊದಲು ಹದ್ದುಬಸ್ತು ಮಾಡಿಸಬೇಕು ಅಂದರೆ ಲೈಸೆನ್ಸ್ ಇರುವ ಸರ್ವೇಯರ್ ಬೇಕು. ಅವರು ಮೂಲೆಗಳಲ್ಲಿ ಕಬ್ಬಿಣದ ಸರಳು ಹೂಳಿ, ಮೇಲೆ ತಮ್ಮ ನಂಬರ್ ಇರುವ ಪ್ಲಾಸ್ಟಿಕ್ ಟೋಪಿ ಹಾಕುತ್ತಾರೆ. ಮೊದಲೇ ಹೂತದ್ದು ಇದೆಯೇ ಎಂದು ಮೂಲೆಗಳಲ್ಲಿ ಹುಲ್ಲು ಸರಿಸಿ ನೋಡಿ. ಖರ್ಚು ಎಂದು ಸುಮ್ನೆ ಬಿಟ್ಟುಬಿಡುವುದೂ ಸರಿಯಲ್ಲ. ವಾಷಿಂಗ್ಟನ್‌ನಲ್ಲಿ ಹತ್ತು ವರ್ಷ ಯಾರೂ ತಕರಾರು ಮಾಡದೆ, ಬಹಿರಂಗವಾಗಿ, ತಮ್ಮದೇ ಎಂಬಂತೆ ಅನುಭವಿಸಿದ ಜಾಗದ ಮೇಲೆ ಹಕ್ಕು ಸಾಧಿಸಲು ಕಾನೂನಿನಲ್ಲಿ ದಾರಿ ಇದೆ.

ತೆರಿಗೆಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಜನವರಿ 1ರ ಬೆಲೆಯ ಮೇಲೆ ಮುಂದಿನ ವರ್ಷದ ತೆರಿಗೆ ಬರುತ್ತದೆ. ಏಪ್ರಿಲ್ 30 ಮತ್ತು ಅಕ್ಟೋಬರ್ 31, ಎರಡು ಕಂತು. ಲೆವಿ ಕೋಡ್, ಅಂದರೆ ತೆರಿಗೆ ವಲಯದ ನಂಬರ್, ಬೇರೆಯಾದರೆ ಒಂದೇ ಬೆಲೆಯ ಎರಡು ಮನೆಗಳಿಗೆ ತೆರಿಗೆ ಬೇರೆ ಬೇರೆ ಆಗುತ್ತದೆ. ಶಾಲೆ, ನಗರ, ಗ್ರಂಥಾಲಯ ಎಲ್ಲದರ ಪಾಲೂ ಅದರಲ್ಲಿದೆ. ಕೌಂಟಿ ಹಾಕಿದ ಬೆಲೆ ಜಾಸ್ತಿ ಅನಿಸಿದರೆ ನೋಟಿಸ್ ಕಳಿಸಿದ 60 ದಿನದೊಳಗೆ ಮೇಲ್ಮನವಿ ಹಾಕಬಹುದು. ಪಕ್ಕದ ಮನೆಗಳ ಮಾರಾಟದ ಬೆಲೆ ಇದೇ ನಕ್ಷೆಯಲ್ಲಿ ಸಿಗುತ್ತದೆ, ಅದೇ ನಿಮ್ಮ ಪುರಾವೆ.

ನಕ್ಷೆಯಲ್ಲಿ ಕಾಣದ ಒಂದು ಬಾಬ್ತು ಇದೆ. ಅದರ ಹೆಸರು ಸೀವರ್ ಕೆಪಾಸಿಟಿ ಚಾರ್ಜ್. 1990ರ ಫೆಬ್ರವರಿ 1ರ ನಂತರ ಒಳಚರಂಡಿಗೆ ಹೊಸದಾಗಿ ಜೋಡಿಸಿದ ಮನೆಗಳಿಗೆ ಇದು 15 ವರ್ಷ ಬರುತ್ತದೆ. ತೆರಿಗೆಯ ಬಿಲ್ಲಿನಲ್ಲಿ ಇರುವುದಿಲ್ಲ, ಪ್ರತ್ಯೇಕವಾಗಿ ಬರುತ್ತದೆ. ಹೊಸ ಮನೆಯಾದರೆ ಬಾಕಿ ಎಷ್ಟಿದೆ, ಅದನ್ನು ಯಾರು ಕಟ್ಟುತ್ತಾರೆ ಎಂದು ಕ್ಲೋಸಿಂಗ್‌ಗೆ, ಅಂದರೆ ಮನೆ ನಿಮ್ಮ ಹೆಸರಿಗೆ ಆಗುವುದಕ್ಕೆ, ಮೊದಲೇ ಬರೆಸಿಕೊಳ್ಳಿ. ಒಳಚರಂಡಿ ಇಲ್ಲದ ಕಡೆ ಸೆಪ್ಟಿಕ್ ಇರುತ್ತದೆ. ಅದರ ಟ್ಯಾಂಕು, ಇಂಗುವ ಜಾಗ ಎಲ್ಲಿದೆ ಎಂಬ ನಕ್ಷೆಯನ್ನು ಕೌಂಟಿಯ ಆರೋಗ್ಯ ಇಲಾಖೆಯಲ್ಲಿ ಕೇಳಬೇಕು. ಆ ಜಾಗದ ಮೇಲೆ ಕಾರು ನಿಲ್ಲಿಸುವಂತಿಲ್ಲ, ಶೆಡ್ ಹಾಕುವಂತಿಲ್ಲ. ಮಾವನ ಮಾತಿನಲ್ಲಿ, ಅದೂ ಖರಾಬೇ.

ಬಾಡಿಗೆ ಮನೆ ನೋಡುವವರಿಗೂ ಇದು ಬೇಕು. ಊರಿನಲ್ಲಿ ಕೂತು, ಮನೆ ನೋಡದೆಯೇ ಮುಂಗಡ ಕಳಿಸಬೇಕಾದ ಸ್ಥಿತಿ ನಿಮ್ಮಲ್ಲಿ ಹಲವರಿಗೆ ಬರುತ್ತದೆ. ಕಳಿಸುವ ಮೊದಲು ವಿಳಾಸ ಹಾಕಿ ನೋಡಿ. ಆ ನಂಬರಿನಲ್ಲಿ ಮನೆಯೇ ಇದೆಯೇ, ಫೋಟೊ ಹೊಂದುತ್ತದೆಯೇ, ಕೋಣೆಗಳ ಲೆಕ್ಕ ಸರಿಯಿದೆಯೇ? ಹೊಂದದಿದ್ದರೆ ಒಂದು ಡಾಲರ್ ಕೂಡ ಕಳಿಸಬೇಡಿ. ಇಲ್ಲಿರುವ ಯಾರಾದರೂ ನಮ್ಮವರಿಗೆ ಫೋನ್ ಮಾಡಿ, ಹೋಗಿ ಬಾಗಿಲು ತಟ್ಟಿ ಬರುತ್ತೇವೆ.