1,640 ಗ್ರಾಂ ಮಗುವಿಗೆ ಹಾಲು ಕುಡಿಸಿದ್ದು

ನಾನು ನವಜಾತ ಶಿಶು ಘಟಕದಲ್ಲಿ ನರ್ಸ್. ಮಗು 2.5 ಕೆಜಿಗಿಂತ ಕಮ್ಮಿ ಇದೆ ಅಂದ ಕೂಡಲೇ ಮನೆಯವರು ಕೇಳೋದು, "ಸಿಸ್ಟರ್, ಯಾವ ಡಬ್ಬಿ ಹಾಲು ತರ್ಬೇಕು?" ಅಂತ. ಮೊದಲು ತಾಯಿ ಹಾಲು ಅಂತೀನಿ. ಸಾಲದಿದ್ದರೆ ಹಾಲಿನ ಬ್ಯಾಂಕಿನಲ್ಲಿ ಸಿಗುವ ಬೇರೆ ತಾಯಂದಿರ ಹಾಲು. ಅದೂ ಸಿಗದಿದ್ದರೆ ಮಾತ್ರ ಡಾಕ್ಟರ್ ಬರೆದುಕೊಟ್ಟ ಪುಡಿ ಹಾಲು. ಹಸುವಿನ ಹಾಲು, ಸಕ್ಕರೆ ನೀರು, ಜೇನುತುಪ್ಪ ಬೇಡವೇ ಬೇಡ.

ಒಂದು ಹೆಣ್ಣುಮಗು ನನಗೆ ಈಗಲೂ ನೆನಪಿದೆ. 33 ವಾರಕ್ಕೇ ಹುಟ್ಟಿತ್ತು, 1,640 ಗ್ರಾಂ. ಹೀರೋದು, ನುಂಗೋದು, ಉಸಿರಾಡೋದು ಮೂರೂ ಹೊಂದಿಕೊಂಡು ಬರೋದು ಸುಮಾರು 34 ವಾರದ ಹೊತ್ತಿಗೆ. ಅದಕ್ಕೇ ಒಳಲೆಯಲ್ಲಿ, ಅಂದ್ರೆ ಮೂತಿ ಇರೋ ಪುಟ್ಟ ಬಟ್ಟಲಲ್ಲಿ, ಕುಡಿಸೋಣ ಅಂದ್ರು ಡಾಕ್ಟರ್. ಮೊದಲ ದಿನ ಕೆಜಿಗೆ 60 ಎಂ.ಎಲ್. ಲೆಕ್ಕ. ಅಂದ್ರೆ 2 ಗಂಟೆಗೊಮ್ಮೆ 8 ಎಂ.ಎಲ್.

ತಾಯಿಗೆ ಕೈಯಲ್ಲೇ ಹಾಲು ಹಿಂಡೋದು ಹೇಳಿಕೊಟ್ಟೆ. ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ, ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಅಂಚಿನಿಂದ ಸ್ವಲ್ಪ ಹಿಂದೆ. ಮೊದಲು ಎದೆ ಕಡೆಗೆ ಒತ್ತಿ, ಆಮೇಲೆ ಅಮುಕಿ ಬಿಡಬೇಕು. ತೊಟ್ಟು ಎಳೆಯಬಾರದು, ಚರ್ಮದ ಮೇಲೆ ಬೆರಳು ಜಾರಬಾರದು. ಹತ್ತು ನಿಮಿಷ ಆದಮೇಲೆ ಬಟ್ಟಲಲ್ಲಿ ಹಳದಿ ಬಣ್ಣದ ನಾಲ್ಕೇ ಹನಿ. "ನಂಗೆ ಹಾಲೇ ಇಲ್ಲ ಸಿಸ್ಟರ್" ಅಂತ ಅತ್ತುಬಿಟ್ಟಳು. ಮೊದಲ ದಿನ ಬರೋದೇ ಅಷ್ಟು, ಅಲ್ವಾ? ಆ ಹನಿಗಳನ್ನು ಸಿರಿಂಜಲ್ಲಿ ಎಳೆದು ಮಗುವಿನ ಕೆನ್ನೆಯೊಳಗೆ ಹಾಕಿದೆ. ನಮ್ಮಲ್ಲಿ ಹಾಲಿನ ಬ್ಯಾಂಕ್ ಇರಲಿಲ್ಲ. ಕಮ್ಮಿ ಬಿದ್ದಷ್ಟನ್ನು ಪುಡಿ ಹಾಲಲ್ಲಿ ತುಂಬಿಸಿದೆವು. ಅದು ತಾಯಿಯ ಸೋಲು ಅಂತ ನನಗೆ ಯಾವತ್ತೂ ಅನಿಸಿಲ್ಲ. ಆದರೆ ಹಿಂಡೋದನ್ನು ಮಾತ್ರ ನಿಲ್ಲಿಸಲು ಬಿಡಲಿಲ್ಲ. ದಿನಕ್ಕೆ 8 ಸಲ, ರಾತ್ರಿಯೂ. ಮಗುವನ್ನು ಬರೀ ಮೈಯಲ್ಲಿ ಅವಳ ಎದೆಗವಚಿ ಕೂರಿಸ್ತಿದ್ದೆವು. ಹಾಗೆ ಕೂತೆದ್ದ ಮೇಲೆ ಹಿಂಡಿದರೆ ಹಾಲು ಜಾಸ್ತಿ ಬರ್ತಿತ್ತು. ನಾಲ್ಕನೇ ದಿನ ಪುಡಿ ಹಾಲು ನಿಂತಿತು.

ಅಜ್ಜಿಗೆ ಒಳಲೆ ಹೊಸದಲ್ಲ. ಆದರೆ ಕಾಲು ಚಾಚಿ, ಮಗುವನ್ನು ಅಂಗಾತ ಮಲಗಿಸಿ ಬಾಯಿಗೆ ಸುರಿದು ಅಭ್ಯಾಸ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಸರದಲ್ಲಿ ಒಳಲೆ ಬಗ್ಗಿಸಿ, ಒಂದು ಮಗುವಿನ ತುಟಿ ನೀಲಿಗಟ್ಟಿತ್ತು. ಪುಣ್ಯಕ್ಕೆ ಬೇಗ ಸರಿಹೋಯಿತು. ಆ ಭಯ ಇನ್ನೂ ಹೋಗಿಲ್ಲ. ಅದನ್ನೇ ಅಜ್ಜಿಗೆ ಹೇಳಿದೆ. "ಅಮ್ಮಾ, ಎಚ್ಚರವಾಗಿರುವಾಗ ಮಾತ್ರ ಕುಡಿಸಿ. ತಲೆ ಎತ್ತರಕ್ಕೆ ಹಿಡೀರಿ. ಒಳಲೆ ತುದಿ ಬಾಯಿಯ ಮೂಲೆಯಲ್ಲಿ ಇಡಿ, ಹಾಲು ತುಟಿಗೆ ತಾಗಿದ್ರೆ ಸಾಕು. ಅವಳು ನುಂಗೋವರೆಗೂ ಕಾಯಿರಿ." ಅಜ್ಜಿ ಕೈಯಲ್ಲಿ ಆ 8 ಎಂ.ಎಲ್. ಖಾಲಿಯಾಗಲು ಇಪ್ಪತ್ತು ನಿಮಿಷ ಹಿಡಿಯಿತು. ಒಂದು ಹನಿಯೂ ನೆತ್ತಿಗೇರಲಿಲ್ಲ.

ತೂಕ ಮೊದಲು 1,510ಕ್ಕೆ ಇಳಿಯಿತು. ಮೊದಲ ವಾರ ಇದು ಸಹಜ ಅಂತ ಎಷ್ಟು ಹೇಳಿದರೂ ಮನೆಯವರು ಊಟ ಬಿಟ್ಟು ಕೂತರು. ಹನ್ನೆರಡನೇ ದಿನ ಹುಟ್ಟಿದಾಗಿನ ತೂಕ ಮುಟ್ಟಿತು. ಆಮೇಲೊಂದು ಬೆಳಗ್ಗೆ ತಾಯಿ ಎದೆಗೆ ಹಾಕಿಕೊಂಡಾಗ ಮಗು ನಾಲ್ಕು ಸಲ ಚೀಪಿ, ನಿಂತು, ಉಸಿರು ತಗೊಂಡು, ಮತ್ತೆ ಚೀಪಿತು. ಅಜ್ಜಿ ಒಳಲೆಯನ್ನು ಕುದಿಯೋ ನೀರಿಗೆ ಹಾಕಿಟ್ಟೇ ಬಂದರು, ರಾತ್ರಿಗೆ ಬೇಕಾಗಬಹುದು ಅಂತ.