ಬಾರೋಂಗ್ ಆರಿಸುವಾಗ ಮೊದಲು ಬಟ್ಟೆ ನೋಡಿ, ಆಮೇಲೆ ಕಸೂತಿ

ಫಿಲಿಪ್ಪೀನ್ಸಿನ ಮದುವೆಗೆ ಕರೆ ಬಂದಿದ್ದರೆ ಗಂಡಸರಿಗೆ ಕೋಟು, ಟೈ ಬೇಡ. ಬಾರೋಂಗ್ ಟಗಾಲೊಗ್ ಸಾಕು. ಬಾರೊ ಅಂದರೆ ಅಂಗಿ. ಮೈ ಕಾಣುವಷ್ಟು ತೆಳುವಾದ, ಉದ್ದ ತೋಳಿನ, ಎದೆಯ ಮೇಲೆ ಕಸೂತಿ ಇರುವ ಅಂಗಿ ಇದು.

ಎಲ್ಲರೂ ಮೊದಲು ಕಸೂತಿ ನೋಡಿ ಮರುಳಾಗುತ್ತಾರೆ. ನೀವು ಬಟ್ಟೆ ಮುಟ್ಟಿ ನೋಡಿ. ಎಲ್ಲಕ್ಕಿಂತ ಮೇಲಿನದು ಪಿನ್ಯಾ, ಅಂದರೆ ಅನಾನಸ್ ಎಲೆಯ ನಾರಿನಿಂದ ನೇಯ್ದದ್ದು. ಅಕ್ಲಾನ್ ಪ್ರಾಂತ್ಯದ ಕಾಲಿಬೊ ಸುತ್ತಮುತ್ತ ಇದನ್ನು ಕೈಮಗ್ಗದಲ್ಲಿ ನೇಯುತ್ತಾರೆ. ಎಲೆಯ ಮೇಲಿನ ಒರಟು ನಾರನ್ನು ಒಡೆದ ಪಿಂಗಾಣಿ ತಟ್ಟೆಯ ಚೂರಿನಿಂದ ಕೆರೆದು ತೆಗೆಯುತ್ತಾರೆ, ಒಳಗಿನ ನಯವಾದ ನಾರಿಗೆ ತೆಂಗಿನ ಚಿಪ್ಪು ಬೇಕು, ಆಮೇಲೆ ಕೂದಲಿನಷ್ಟು ಸಣ್ಣ ಎಳೆಗಳನ್ನು ಒಂದೊಂದಾಗಿ ಕೈಯಲ್ಲೇ ಗಂಟು ಹಾಕಿ ಉದ್ದದ ನೂಲು ಮಾಡುತ್ತಾರೆ. ಅಷ್ಟು ತಾಳ್ಮೆಯ ಕೆಲಸ! 2023ರಲ್ಲಿ ಯುನೆಸ್ಕೊ ಈ ನೇಯ್ಗೆಯನ್ನು ಪರಂಪರೆಯ ಪಟ್ಟಿಗೆ ಸೇರಿಸಿತು.

ಗುರುತಿಸುವುದು ಹೇಗೆ? ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ. ಪಿನ್ಯಾದಲ್ಲಿ ಎಳೆಗಳು ಸ್ವಲ್ಪ ಏರುಪೇರಾಗಿರುತ್ತವೆ, ಅಲ್ಲಲ್ಲಿ ಆ ಪುಟ್ಟ ಗಂಟುಗಳು ಕಾಣುತ್ತವೆ, ಬಣ್ಣ ದಂತದ ಹಾಗೆ. ತುಂಬಾ ಹೊಳೆದು, ಎಲ್ಲ ಕಡೆ ಒಂದೇ ಸಮ ಇದ್ದರೆ ಅದು ಮಿಲ್ಲಿನ ಆರ್ಗಂಜಾ ಇರಬಹುದು. ಶುದ್ಧ ಪಿನ್ಯಾ ದುಬಾರಿ ಅನಿಸಿದರೆ ರೇಷ್ಮೆ ಬೆರೆಸಿದ ಪಿನ್ಯಾ ಸೇಡಾ ಅಥವಾ ಹೂಸಿ ಅನ್ನುವ ತೆಳು ರೇಷ್ಮೆ ಬಟ್ಟೆ ತಗೊಳ್ಳಿ. ಮೊದಲ ಬಾರೋಂಗಿಗೆ ನನ್ನ ಮತ ಪಿನ್ಯಾ ಸೇಡಾಕ್ಕೆ.

ಈಗ ಕಸೂತಿ. ಲಗುನಾ ಪ್ರಾಂತ್ಯದ ಲುಂಬಾನ್ ಮತ್ತು ಬಟಾಂಗಾಸ್‌ನ ತಾಲ್ ಇದಕ್ಕೆ ಹೆಸರುವಾಸಿ. ಕಲಾಡೊ ಇದೆಯಾ ಅಂತ ಕೇಳಿ. ಬಟ್ಟೆಯ ಎಳೆಗಳನ್ನು ಬಿಡಿಸಿ ತೆಗೆದು, ಉಳಿದದ್ದನ್ನು ಸೂಜಿಯಿಂದ ಬಿಗಿದು ಜಾಲರಿ ಮಾಡುವ ಕೆಲಸ ಅದು. ಅಂಗಿಯ ಒಳಮಗ್ಗುಲನ್ನೂ ತಿರುಗಿಸಿ ನೋಡಿ, ಅಲ್ಲೂ ಅಚ್ಚುಕಟ್ಟಾಗಿದ್ದರೆ ಒಳ್ಳೆಯ ಕೈ.

ಹಾಕುವ ನಿಯಮ ಸರಳ. ಒಳಗೆ ಬಿಳಿ ಬನಿಯನ್, ಕೆಳಗೆ ಕಪ್ಪು ಪ್ಯಾಂಟು. ಅಂಗಿಯನ್ನು ಯಾವತ್ತೂ ಪ್ಯಾಂಟಿನೊಳಗೆ ಸೇರಿಸಬೇಡಿ. ಸ್ಥಳೀಯರನ್ನು ಕೀಳಾಗಿ ಗುರುತಿಸಲು, ಆಯುಧ ಬಚ್ಚಿಡದಂತೆ ಮಾಡಲು ಹಿಂದೆ ದೇಶ ಆಳುತ್ತಿದ್ದ ಸ್ಪೇನಿನವರೇ ಹೀಗೆ ಹಾಕಿಸಿದರು ಅನ್ನೋ ಕಥೆ ನಿಮಗೂ ಯಾರಾದರೂ ಹೇಳುತ್ತಾರೆ. ಅಂಥ ಕಾನೂನು ಇತ್ತು ಅನ್ನುವುದಕ್ಕೆ ದಾಖಲೆ ಸಿಕ್ಕಿಲ್ಲ, ಆದ್ದರಿಂದ ಅದನ್ನು ಮುಂದೆ ಹಬ್ಬಿಸಬೇಡಿ. ಅಲ್ಲಿಯ ಸೆಕೆಗೆ ಗಾಳಿಯಾಡುವ ಸಡಿಲ ಅಂಗಿಯೇ ಹಿತ, ಅಲ್ವಾ? ರಾಮೋನ್ ಮಗ್‌ಸಾಯ್‌ಸಾಯ್ 1953ರಲ್ಲಿ ಅಧ್ಯಕ್ಷರಾಗಿ ಪ್ರಮಾಣವಚನ ತಗೊಂಡಾಗ ಬಾರೋಂಗ್ ತೊಟ್ಟರು. ಆಮೇಲೆ ಅದು ದೊಡ್ಡ ಸಮಾರಂಭಗಳಿಗೆ ಸಲೀಸಾಗಿ ಹೊಂದಿಕೊಂಡಿತು. ಗಿಡ್ಡ ತೋಳಿನ ಪೊಲೊ ಬಾರೋಂಗ್ ಮಾತ್ರ ಆಫೀಸಿಗೆ, ಮದುವೆಗೆ ಬೇಡ.

ಹೆಂಗಸರಿಗೆ ಟೆರ್ನೊ ಅನ್ನುವ ಉಡುಪು. ಅವರ ಹಿಂದಿನ ಉಡುಪು ಬಾರೊತ್ ಸಾಯಾದಲ್ಲಿ ರವಿಕೆ, ಲಂಗ, ಅದರ ಮೇಲೆ ಸುತ್ತುವ ತಾಪಿಸ್, ಹೆಗಲಿಗೆ ಪಾನ್ಯುವೆಲೊ ಎಂಬ ಶಾಲು ಅಂತ ಬೇರೆ ಬೇರೆ ಇದ್ದವು. ಕಾಲ ಕಳೆದಂತೆ ಅವು ಒಂದೇ ಉಡುಪಾಗಿ ಕೂಡಿಕೊಂಡವು, ಪಾನ್ಯುವೆಲೊ ಹೋಯಿತು, ತೋಳು ಚಿಟ್ಟೆ ರೆಕ್ಕೆಯ ಹಾಗೆ ಗಟ್ಟಿಯಾಗಿ ನಿಂತಿತು. ಹಾಕಿ ನೋಡುವಾಗ ಕೈ ಎತ್ತಿ ಇಳಿಸಿ. ತೋಳು ಕುಸಿಯುವಂತಿದ್ದರೆ ಒಳಗಿನ ಗಟ್ಟಿ ಪದರ ಬದಲಿಸಲು ಹೇಳಿ.

ಪಿನ್ಯಾ ಒಗೆಯುವಾಗ ತಣ್ಣೀರು, ಮೆದು ಸೋಪು ಸಾಕು. ಹಿಂಡಬೇಡಿ, ಉಜ್ಜಬೇಡಿ, ನೆರಳಲ್ಲಿ ಒಣಗಿಸಿ. ಸ್ವಲ್ಪ ತೇವ ಇರುವಾಗಲೇ ಒಳಮಗ್ಗುಲಿಂದ, ಮೇಲೊಂದು ತೆಳು ಬಟ್ಟೆ ಹಾಸಿ, ಕಡಿಮೆ ಶಾಖದಲ್ಲಿ ಇಸ್ತ್ರಿ ಮಾಡಿ. ಮಡಚಿಡುವಾಗ ಕಸೂತಿಯ ಮೇಲೆ ಮಡಿಕೆ ಬೀಳದ ಹಾಗೆ ನೋಡಿಕೊಳ್ಳಿ.